ಕಲ್ಹಾತ್ ಮಸೀದಿಯ ಟೈಲ್ಸ್ ಮತ್ತು ಇಬ್ನ್ ಬತೂತ

ಮಸ್ಕತ್‌ನಿಂದ ಸೂರ್ ಕಡೆ ಹೋದವರು, ಕಲ್ಹಾತ್‌ನ ಎಲ್‌ಎನ್‌ಜಿ ಪ್ಲಾಂಟ್‌ನಲ್ಲಿ ದುಡಿಯುವ ನಮ್ಮವರು, ಅಲ್ಲಿ ಒಂಟಿಯಾಗಿ ನಿಂತ ಹಳೇ ಗೋರಿಯೊಂದನ್ನು ನೋಡಿರಬಹುದು. ಬೀಬಿ ಮರ್ಯಮ್ ಗೋರಿ ಅಂತಲೇ ಅದು ಪ್ರಸಿದ್ಧ. ಆಕೆ ಕಟ್ಟಿಸಿದ ದೊಡ್ಡ ಮಸೀದಿಯೂ ಅಲ್ಲೇ ಇತ್ತು. ಅದರ ಗೋಡೆಗಳ ಅಂದ ಇವತ್ತಿಗೂ ನಮಗೆ ಗೊತ್ತಿರುವುದು ಇಬ್ನ್ ಬತೂತ ಎಂಬ ಪ್ರವಾಸಿಯಿಂದ.

1304ರಲ್ಲಿ ಮೊರಾಕ್ಕೊದ ಟಾಂಜಿಯರ್‌ನಲ್ಲಿ ಹುಟ್ಟಿದ ಆತ, 21ನೇ ವಯಸ್ಸಿಗೆ ಹಜ್‌ಗೆಂದು ಒಬ್ಬನೇ ಮನೆ ಬಿಟ್ಟ. ತಾಯ್ನಾಡಿಗೆ ಮರಳಿದ್ದು 1349ರಲ್ಲಿ. ಅಷ್ಟರಲ್ಲಿ ತಂದೆ ತಾಯಿ ಇಬ್ಬರೂ ತೀರಿಹೋಗಿದ್ದರು. ಊರಿಂದ ಫೋನ್ ಬಂದಾಗ ಎದೆ ಧಸಕ್ ಎನ್ನುವ ನಮಗೆ ಆ ನೋವು ಅರ್ಥವಾಗದ್ದೇನಲ್ಲ.

1330ರ ಆಸುಪಾಸಿನಲ್ಲಿ ಆತ ಧೋಫಾರ್ ಕಡೆಯಿಂದ ಹಡಗಿನಲ್ಲಿ ಸೂರ್‌ಗೆ ಬಂದ. ಕಲ್ಹಾತ್ ಹತ್ತಿರವೇ ಕಾಣುತ್ತಿತ್ತು, ನಡೆದೇ ಹೋಗೋಣ ಅಂತ ಹೊರಟ. ದಾರಿ ತೋರಿಸಲು ಬಂದವನೇ ಬಟ್ಟೆಬರೆ ಕದಿಯಲು ಹೊಂಚು ಹಾಕಿದ. ಬಾಯಾರಿಕೆ ಬೇರೆ. ಊರು ಮುಟ್ಟುವಾಗ ಕಾಲು ಬಾತು ನಿಲ್ಲಲೂ ಆಗುತ್ತಿರಲಿಲ್ಲ. ಅಲ್ಲಿನ ಅಮೀರ್ ಆರು ದಿನ ಇರಿಸಿಕೊಂಡು ಉಪಚರಿಸಿದ.

ಇಷ್ಟೆಲ್ಲ ಕಷ್ಟಪಟ್ಟವನ ಕಣ್ಣು ಆ ಮಸೀದಿಯನ್ನು ಬಿಡಲಿಲ್ಲ. ಎತ್ತರದ ಜಾಗ, ಕೆಳಗೆ ಬಂದರು, ಗೋಡೆಗಳಿಗೆ ಕಾಶಾನಿ ಟೈಲ್ಸ್. ಇರಾನಿನ ಕಾಶಾನ್ ಊರಿನ ಹೆಸರೇ ಆ ಟೈಲ್ಸ್‌ಗೆ ಬಂದದ್ದು. ಅದು ತನ್ನ ನಾಡಿನ ಝಲೀಜ್ ಥರವೇ ಇದೆ ಅಂತ ಆತ ಗುರುತಿಸಿದ.

ಮುಂದೆ ದೆಹಲಿಯಲ್ಲಿ ಕಾಝಿಯಾದ. ನಮ್ಮ ಹೊನ್ನಾವರ, ಬಾರ್ಕೂರು, ಮಂಗಳೂರನ್ನೂ ಕಂಡ. ಹೊನ್ನಾವರದಲ್ಲಿ ಹೆಣ್ಣುಮಕ್ಕಳಿಗೇ 13 ಶಾಲೆಗಳಿದ್ದವು ಅಂತ ದಾಖಲಿಸಿದ್ದೂ ಆತನೇ. ಅದೇ ಕರಾವಳಿಯ ಕಡಲಲ್ಲಿ ಕಡಲ್ಗಳ್ಳರು ಆತನನ್ನು ಪೂರ್ತಿ ದೋಚಿದರು. ಆದರೂ ಊರಿಗೆ ಮರಳಿ, ಸುಲ್ತಾನನ ಆಜ್ಞೆಯಂತೆ ನೆನಪಿನಿಂದಲೇ ಎಲ್ಲವನ್ನೂ ಹೇಳಿ ಬರೆಸಿದ. 1355ರ ಹೊತ್ತಿಗೆ ಬರಹ ಮುಗಿಯಿತು. 1368ರ ಸುಮಾರಿಗೆ ಆತ ತೀರಿಕೊಂಡ.

1508ರಲ್ಲಿ ಪೋರ್ಚುಗೀಸರ ಅಲ್ಬುಕರ್ಕ್ ಕಲ್ಹಾತ್‌ಗೆ ಬೆಂಕಿ ಹಚ್ಚಿದ. ಮಸೀದಿ ಮಣ್ಣಾಯಿತು. ಐನೂರು ವರ್ಷಗಳ ನಂತರ ಫ್ರೆಂಚ್ ಪುರಾತತ್ವ ತಂಡ ಅಲ್ಲಿ ಅಗೆದಾಗ ಮಸೀದಿಯ ಅಡಿಪಾಯದ ಜೊತೆ ಮೆರುಗಿನ ಟೈಲ್ಸ್ ಚೂರುಗಳೂ ಸಿಕ್ಕಿದವು. ಇಬ್ನ್ ಬತೂತ ಹೇಳಿದ್ದು ಸುಳ್ಳಾಗಿರಲಿಲ್ಲ. 2018ರಲ್ಲಿ ಕಲ್ಹಾತ್ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ರಜೆಯಲ್ಲಿ ಆ ಕಡೆ ಹೋದರೆ ನೆಲದಲ್ಲಿ ಕಂಡ ಚೂರನ್ನು ಹೆಕ್ಕಿ ಜೇಬಿಗೆ ಹಾಕಬೇಡಿ. ಬಿದ್ದ ಜಾಗದಲ್ಲಿದ್ದರಷ್ಟೇ ಅದಕ್ಕೆ ಕಥೆ. ಬೇಕಿದ್ದರೆ ಒಂದು ಫೋಟೋ ತೆಗೆದು ಮಕ್ಕಳಿಗೆ ಕಳಿಸಿ, ಜೊತೆಗೆ ಈ ಪ್ರವಾಸಿಯ ಕಥೆಯನ್ನೂ ಹೇಳಿ.