ನಾದ ದಾಸೋಹಿ ಫ್ರಾನ್ಸ್ ಲಿಸ್ಟ್

ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣವು ಕಾವೇರಿ ತೀರದ ಒಂದು ಸಣ್ಣ ಊರು. ಆದರೂ ಸಂಗೀತಗಾರರ ತವರೆಂದು ನಾಡಿನಲ್ಲೆಲ್ಲ ಹೆಸರಾಗಿದೆ. ಊರು ಸಣ್ಣದೆಂಬುದು ನಮ್ಮ ಸಂಗೀತಕ್ಕೆ ಒಂದು ಕೊರತೆಯಲ್ಲ. ಒಬ್ಬ ಗಾಯಕ, ತಂಬೂರಿ, ಪಿಟೀಲು, ಮೃದಂಗ ಇಷ್ಟಿದ್ದರೆ ದೇವಾಲಯದ ಮಂಟಪದಲ್ಲಿಯೇ ಕಚೇರಿ ನಡೆಯುತ್ತದೆ. ಪಾಶ್ಚಾತ್ಯರ ಸಿಂಫನಿ ಹಾಗಲ್ಲ. ಅದನ್ನು ನುಡಿಸಲು ಪಿಟೀಲು, ಕೊಳಲು, ಕಹಳೆ, ನಗಾರಿ ಮೊದಲಾದವುಗಳ ಹತ್ತಾರು ವಾದಕರು ಕೂಡಿದ ವಾದ್ಯವೃಂದವೇ ಬೇಕು. ಧ್ವನಿಮುದ್ರಣವಿನ್ನೂ ಹುಟ್ಟದಿದ್ದ ಕಾಲದಲ್ಲಿ ಅಂಥ ವೃಂದಗಳು ಹೆಚ್ಚಾಗಿ ದೊಡ್ಡ ನಗರಗಳಲ್ಲಿಯೂ ಅರಮನೆಗಳಲ್ಲಿಯೂ ಇದ್ದುವು. ಸಣ್ಣ ಊರಿನ ಜನ ಮಹಾಕೃತಿಗಳ ಹೆಸರನ್ನು ಕೇಳಬಹುದಾಗಿತ್ತು. ಅವುಗಳ ನಾದವನ್ನು ಕೇಳುವ ಭಾಗ್ಯ ಅವರಿಗಿರಲಿಲ್ಲ. ಈ ಕೊರತೆಯನ್ನು ತನ್ನ ಹತ್ತು ಬೆರಳುಗಳಿಂದ ನೀಗಿಸಲು ಹೊರಟವನು ಫ್ರಾನ್ಸ್ ಲಿಸ್ಟ್.

ಲಿಸ್ಟನು 1811ರ ಅಕ್ಟೋಬರ್ 22ರಂದು ರೈಡಿಂಗ್ ಎಂಬ ಹಳ್ಳಿಯಲ್ಲಿ ಜನಿಸಿದನು. ಅಂದು ಹಂಗೇರಿಗೆ ಸೇರಿದ್ದ ಆ ಹಳ್ಳಿ ಇಂದು ಆಸ್ಟ್ರಿಯದಲ್ಲಿದೆ. ಎಸ್ಟರ್‌ಹಾಜಿ ಮನೆತನದ ಶ್ರೀಮಂತರಲ್ಲಿ ನೌಕರನಾಗಿದ್ದ ತಂದೆ ಆಡಮ್ ಲಿಸ್ಟನೇ ಮಗನಿಗೆ ಮೊದಲ ಗುರು. ಒಂಬತ್ತರ ವಯಸ್ಸಿನಲ್ಲಿಯೇ ಬಾಲಕನು ಸಭೆಯಲ್ಲಿ ಪಿಯಾನೋ ನುಡಿಸಿದನು. ಅವನ ಪ್ರತಿಭೆಗೆ ಮೆಚ್ಚಿದ ಕೆಲವು ಸಿರಿವಂತರು ವಿದ್ಯಾಭ್ಯಾಸಕ್ಕೆ ನೆರವು ನೀಡಿದರು. ವಿಯೆನ್ನಾ ನಗರದ ಹೆಸರಾಂತ ಶಿಕ್ಷಕ ಚೆರ್ನಿ ಅವನಿಗೆ ಹಣ ಪಡೆಯದೆ ಪಾಠ ಹೇಳಿದನು. ಆ ಉಪಕಾರವನ್ನು ಶಿಷ್ಯನು ಕೊನೆಯವರೆಗೂ ಮರೆಯಲಿಲ್ಲ.

1823ರಲ್ಲಿ ತಂದೆ ಮಗನನ್ನು ಪ್ಯಾರಿಸ್ಸಿಗೆ ಕರೆದೊಯ್ದನು. ಪರದೇಶದವನೆಂಬ ಕಾರಣದಿಂದ ಅಲ್ಲಿನ ಸಂಗೀತ ಶಾಲೆ ಅವನನ್ನು ಸೇರಿಸಿಕೊಳ್ಳಲಿಲ್ಲ. 1827ರಲ್ಲಿ ತಂದೆ ತೀರಿಕೊಂಡನು. ಹದಿನೈದರ ಬಾಲಕನು ಮನೆಮನೆಗೆ ತಿರುಗಿ ಪಾಠ ಹೇಳಿ ತಾಯಿಯನ್ನು ಸಾಕಬೇಕಾಯಿತು.

1830ರ ಡಿಸೆಂಬರಿನಲ್ಲಿ ಪ್ಯಾರಿಸ್ಸಿನಲ್ಲಿ ಬೆರ್ಲಿಯೋಸನ ಹೊಸ ಸಿಂಫನಿಯೊಂದು ಮೊದಲ ಬಾರಿಗೆ ಕೇಳಿಬಂದಿತು. ಲಿಸ್ಟನು ಅದಕ್ಕೆ ಮಾರುಹೋದನು. ಆದರೆ ಆ ಕೃತಿ ಇನ್ನೂ ಅಚ್ಚಾಗಿರಲಿಲ್ಲ. ಆಗ ಲಿಸ್ಟನು ಇಡೀ ಸಿಂಫನಿಯನ್ನು ಒಂದೇ ಪಿಯಾನೋಗೆ ಹೊಂದಿಸಿ ಬರೆದು, ತನ್ನ ಖರ್ಚಿನಲ್ಲಿಯೇ ಪ್ರಕಟಿಸಿದನು. 1835ರಲ್ಲಿ ಜರ್ಮನಿಯ ಸಂಗೀತಜ್ಞ ಶೂಮನ್ ಆ ಪಿಯಾನೋ ಪ್ರತಿಯನ್ನೇ ಓದಿ ಸಿಂಫನಿಯ ಮೇಲೆ ದೀರ್ಘ ವಿಮರ್ಶೆ ಬರೆದನು. ವಾದ್ಯವೃಂದದ ಮೂಲಪ್ರತಿ ಅಚ್ಚಾದುದು 1845ರಲ್ಲಿ. ಒಬ್ಬ ಬಡ ಕಲಾವಿದನ ಕೃತಿಯನ್ನು ಅಷ್ಟು ವರ್ಷಗಳ ಕಾಲ ಲಿಸ್ಟನ ಪಿಯಾನೋವೇ ಕಾಪಾಡಿತ್ತು.

ಇದು ಸುಲಭದ ಕೆಲಸವಾಗಿರಲಿಲ್ಲ. ಪಿಯಾನೋ ನೋಡಲು ಹಾರ್ಮೋನಿಯಂನಂತೆ ಬಿಳಿ ಕರಿ ಪಟ್ಟಿಗಳ ಸಾಲುಳ್ಳ ವಾದ್ಯ. ಆದರೆ ಇಲ್ಲಿ ತಿದಿಯಿಲ್ಲ, ಗಾಳಿಯಿಲ್ಲ. ಪಟ್ಟಿಯನ್ನು ಒತ್ತಿದರೆ ಒಳಗಿನ ಸಣ್ಣ ಸುತ್ತಿಗೆಯೊಂದು ತಂತಿಯನ್ನು ಬಡಿಯುತ್ತದೆ. ಬಡಿದ ಗಳಿಗೆಯಿಂದಲೇ ನಾದ ಕುಗ್ಗತೊಡಗುತ್ತದೆ. ಪಿಟೀಲಿನಂತೆ ಸ್ವರವನ್ನು ಬೇಕಾದಷ್ಟು ಹೊತ್ತು ಎಳೆಯುವಂತಿಲ್ಲ. ಲಿಸ್ಟನು ಇದಕ್ಕೆ ಉಪಾಯಗಳನ್ನು ಕಂಡುಕೊಂಡನು. ಎರಡು ಸ್ವರಗಳನ್ನು ಅತಿವೇಗವಾಗಿ ಅದಲು ಬದಲು ನುಡಿಸಿ ನಗಾರಿಯ ಮೊರೆತವನ್ನೂ ಪಿಟೀಲುಗಳ ಕಂಪನವನ್ನೂ ಹೊರಡಿಸಿದನು. ಮಂದ್ರಸ್ವರವನ್ನು ಕಾಲಿನ ಮೆಟ್ಟಿನಿಂದ ಹಿಡಿದು ನಿಲ್ಲಿಸಿ, ಬಿಡುವಾದ ಕೈಯನ್ನು ತಾರಕ್ಕೆ ಹಾರಿಸಿದನು. ನಡುವಣ ರಾಗವನ್ನು ಎರಡೂ ಹೆಬ್ಬೆರಳುಗಳಿಗೆ ಹಂಚಿದನು. ಸಿಂಫನಿಗಳನ್ನಷ್ಟೇ ಅಲ್ಲದೆ, ಏಳು ವಾದ್ಯಗಳಿಗಾಗಿ ಬೀಥೋವನ್ ಬರೆದ ಕಿರುವೃಂದದ ಕೃತಿಯನ್ನೂ ಅವನು ಹೀಗೆಯೇ ಪಿಯಾನೋಗೆ ತಂದನು.

ಹಿಂದೆಯೂ ಕೆಲವರು ಸಿಂಫನಿಗಳನ್ನು ಪಿಯಾನೋಗೆ ಇಳಿಸಿದ್ದರು. ಅವುಗಳಲ್ಲಿ ಅನೇಕವು ಎಲುಬಿನ ಹಂದರದಂತಿದ್ದುವು. ಲಿಸ್ಟನಿಗೆ ಬೇಕಾದುದು ರಕ್ತಮಾಂಸಗಳಿಂದ ತುಂಬಿದ ಜೀವ. ಒಳ್ಳೆಯ ಅನುವಾದಕನು ಪದಕ್ಕೆ ಪದವಿಡದೆ ಮೂಲದ ಭಾವವನ್ನು ತರುವಂತೆ ಅವನು ದುಡಿದನು. ಬೀಥೋವನ್ನನ ಸಿಂಫನಿಗಳನ್ನು ಬರೆಯುವಾಗ ಯಾವ ಸ್ವರ ಯಾವ ವಾದ್ಯದ್ದೆಂಬುದನ್ನೂ ಅಲ್ಲಲ್ಲಿ ಗುರುತಿಸಿದನು.

ಯೂರೋಪಿನ ಊರೂರುಗಳಲ್ಲಿ ಜನ ಅವನಿಗಾಗಿ ಮುಗಿಬೀಳುತ್ತಿದ್ದರು. ಬಂದ ಹಣವನ್ನು ಅವನು ಧಾರಾಳವಾಗಿ ಕೊಟ್ಟುಬಿಡುತ್ತಿದ್ದನು. 1838ರಲ್ಲಿ ಡ್ಯಾನ್ಯೂಬ್ ನದಿ ಉಕ್ಕಿ ಪೆಸ್ಟ್ ನಗರ ಮುಳುಗಿದಾಗ ವಿಯೆನ್ನಾದಲ್ಲಿ ಕಚೇರಿಗಳನ್ನು ನಡೆಸಿ ಸಂತ್ರಸ್ತರಿಗೆ ನೆರವಾದನು. 1847ರಲ್ಲಿ, ಕೀರ್ತಿಯ ತುತ್ತತುದಿಯಲ್ಲಿದ್ದಾಗಲೇ, ಹಣಕ್ಕಾಗಿ ನುಡಿಸುವ ವೃತ್ತಿಯನ್ನು ತ್ಯಜಿಸಿದನು. ಆಗ ಅವನಿಗೆ ಇನ್ನೂ ಮೂವತ್ತೈದು ವರ್ಷ. ಬಳಿಕ ವೈಮರ್ ನಗರದಲ್ಲಿ ನೆಲೆಸಿ, ವ್ಯಾಗ್ನರ್ ಮುಂತಾದವರ ಕೃತಿಗಳನ್ನು ಬೆಳಕಿಗೆ ತಂದನು.

1859ರಲ್ಲಿ ಮಗನೂ 1862ರಲ್ಲಿ ಹಿರಿಯ ಮಗಳೂ ತೀರಿಕೊಂಡರು. ದುಃಖದಿಂದ ಬಳಲಿದ ಲಿಸ್ಟನು ರೋಮಿನ ಒಂದು ಮಠದಲ್ಲಿ ವಾಸಕ್ಕೆ ನಿಂತನು. ಬೀಥೋವನ್ನನ ಒಂಬತ್ತು ಸಿಂಫನಿಗಳ ಕಾರ್ಯವನ್ನು ಪೂರೈಸಿದುದು ಆ ದಿನಗಳಲ್ಲಿಯೇ. ಒಂಬತ್ತನೆಯ ಸಿಂಫನಿಯ ಕೊನೆಯ ಭಾಗದಲ್ಲಿ ವಾದ್ಯವೃಂದದೊಡನೆ ನಾಲ್ವರು ಗಾಯಕರೂ ದೊಡ್ಡ ಗಾಯಕವೃಂದವೂ ಸೇರುತ್ತವೆ. ಇಷ್ಟನ್ನೆಲ್ಲ ಎರಡು ಕೈಗಳಿಗೆ ಒಪ್ಪಿಸುವುದು ಅಸಾಧ್ಯವೆಂದು ಅವನು ಒಮ್ಮೆ ಕೈಚೆಲ್ಲಿದನು. ತನ್ನ ಸೋಲನ್ನು ಪ್ರಕಾಶಕರಿಗೆ ಸಂಕೋಚವಿಲ್ಲದೆ ತಿಳಿಸಿದನು. ಅವರು ಒತ್ತಾಯಿಸಿದ ಮೇಲೆ ಮತ್ತೆ ಕುಳಿತು ಅದನ್ನೂ ಮುಗಿಸಿದನು. 1865ರಲ್ಲಿ ಒಂಬತ್ತೂ ಸಿಂಫನಿಗಳು ಪ್ರಕಟವಾದುವು.

ಲಿಸ್ಟನು ಸ್ವತಃ ದೊಡ್ಡ ವಾಗ್ಗೇಯಕಾರ. ಆದರೂ ಇತರರ ಕೃತಿಗಳಿಗಾಗಿ ಇಷ್ಟು ಬೆವರು ಸುರಿಸಿದವರು ವಿರಳ. ತಾನು ಚೆರ್ನಿಯಿಂದ ಪಡೆದಂತೆಯೇ, ಮುಂದೆ ತನ್ನನ್ನು ಅರಸಿ ಬಂದ ಶಿಷ್ಯರಿಗೆ ಶುಲ್ಕವಿಲ್ಲದೆ ವಿದ್ಯಾದಾನ ಮಾಡಿದನು. 1886ರ ಜುಲೈ 31ರಂದು ಬೈರಾಯ್ಟ್ ನಗರದಲ್ಲಿ ಅವನು ಕೊನೆಯುಸಿರೆಳೆದನು.

ಇಂದು ಧ್ವನಿಮುದ್ರಣದ ದೆಸೆಯಿಂದ ಸಿಂಫನಿ ಯಾವ ಹಳ್ಳಿಯಲ್ಲಿಯೂ ಕೇಳಿಸುತ್ತದೆ. ಲಿಸ್ಟನ ಪ್ರತಿಗಳ ಅಂದಿನ ಅಗತ್ಯ ತೀರಿದ್ದರೂ ಅವನ್ನು ನುಡಿಸುವವರು ಈಗಲೂ ಇದ್ದಾರೆ. ಕೆಲವರ ಸ್ವತ್ತಾಗಿದ್ದ ನಾದದ ಪಂಕ್ತಿಯಲ್ಲಿ ಎಲ್ಲರಿಗೂ ಎಲೆ ಹಾಕಿದ ದಾಸೋಹಿ ಅವನು.