ಹೆಸರುಗಳ ಲೆಕ್ಕ ಇಟ್ಟ ಜಾನ್ ಪೋಸ್ಟೆಲ್

ಪ್ರಾಜೆಕ್ಟಿಗೆ ಅಂತ ಒಂದು ಡೊಮೇನ್ ತಗೊಂಡು, ಅದನ್ನ ಬೇರೆ ವಿಳಾಸಕ್ಕೆ ಫಾರ್ವರ್ಡ್ ಮಾಡಿ, ಸೇವ್ ಒತ್ತಿದ ಮೇಲೆ ಎಲ್ಲರೂ ಮಾಡೋದು ಒಂದೇ ಕೆಲಸ: ರಿಫ್ರೆಶ್, ರಿಫ್ರೆಶ್, ರಿಫ್ರೆಶ್. ಹಾಸ್ಟೆಲ್ ವೈಫೈನಲ್ಲಿ ಹಳೇ ಪೇಜೇ ಬರುತ್ತೆ, ಪಕ್ಕದವರ ಮೊಬೈಲ್ ಡೇಟಾದಲ್ಲಿ ಹೊಸದು ಬಂದಿರುತ್ತೆ. ಹೆಲ್ಪ್ ಪೇಜ್ ನೋಡಿದ್ರೆ 24ರಿಂದ 48 ಗಂಟೆ ಕಾಯಿರಿ ಅಂತ ಇರುತ್ತೆ. ಒಂದು ಮೆಸೇಜ್ ಸೆಕೆಂಡಿನೊಳಗೆ ಅಮೆರಿಕ ತಲುಪೋ ಕಾಲದಲ್ಲಿ ಇದಕ್ಕೆ ಮಾತ್ರ ಎರಡು ದಿನ ಯಾಕೆ? ಉತ್ತರ ಬೇಕಂದ್ರೆ ನಾವು ಹುಟ್ಟೋಕೆ ಮುಂಚೆಯೇ ತೀರಿಕೊಂಡ ಜಾನ್ ಪೋಸ್ಟೆಲ್ ಅವರ ಬದುಕನ್ನ ನೋಡ್ಬೇಕು.

ಪೋಸ್ಟೆಲ್ ಹುಟ್ಟಿದ್ದು 1943ರ ಆಗಸ್ಟ್ 6ರಂದು, ಕ್ಯಾಲಿಫೋರ್ನಿಯಾದಲ್ಲಿ. ಮುಂದೆ ಇಂಟರ್ನೆಟ್ ಕಟ್ಟಿದವರಲ್ಲಿ ದೊಡ್ಡ ಹೆಸರಾದ ವಿಂಟ್ ಸರ್ಫ್ ಮತ್ತು ಸ್ಟೀವ್ ಕ್ರಾಕರ್ ಕೂಡ ಅವರ ಹೈಸ್ಕೂಲಿನವರೇ. ಯುಸಿಎಲ್‌ಎಯಲ್ಲಿ 1966ರಲ್ಲಿ ಎಂಜಿನಿಯರಿಂಗ್ ಪದವಿ, 1968ರಲ್ಲಿ ಮಾಸ್ಟರ್ಸ್, 1974ರಲ್ಲಿ ಪಿಎಚ್‌ಡಿ. 1969ರಲ್ಲಿ ಆರ್ಪಾನೆಟ್ ಶುರುವಾದಾಗ ಅದರ ಮೊದಲ ಕೇಂದ್ರ ಅದೇ ಯುಸಿಎಲ್‌ಎ. ಪೋಸ್ಟೆಲ್ ಆಗ ಅಲ್ಲಿ ವಿದ್ಯಾರ್ಥಿ, ಉದ್ದ ಗಡ್ಡ, ಕಾಲಲ್ಲಿ ಸ್ಯಾಂಡಲ್.

ನೆಟ್‌ವರ್ಕಿನ ನಿಯಮಗಳನ್ನ ಬರೆದಿಡೋಕೆ ಕ್ರಾಕರ್ ಅದೇ ವರ್ಷ ಆರ್‌ಎಫ್‌ಸಿ ಅನ್ನೋ ಟಿಪ್ಪಣಿಗಳನ್ನ ಶುರು ಮಾಡಿದ್ದರು. ಅವುಗಳ ಸಂಪಾದಕರಾದ ಪೋಸ್ಟೆಲ್ ಸಾಯೋವರೆಗೂ ಆ ಕೆಲಸ ಬಿಡಲಿಲ್ಲ. ನಾವು ಇವತ್ತು ಸಿಲೆಬಸ್‌ನಲ್ಲಿ ಓದೋ ಐಪಿ ಮತ್ತು ಟಿಸಿಪಿಯ 1981ರ ದಾಖಲೆಗಳು ಅವರ ಕೈಯಿಂದಲೇ ಬಂದವು. ಯಾವ ನಂಬರ್ ಯಾರಿಗೆ ಕೊಟ್ಟಿದೆ ಅನ್ನೋ ಪಟ್ಟಿಯನ್ನೂ ಅವರೇ ನೋಡ್ಕೊಳ್ತಿದ್ದರು. ಮುಂದೆ ಆ ಕೆಲಸಕ್ಕೇ ಐಎಎನ್‌ಎ ಅಂತ ಹೆಸರು ಬಂತು.

ಆಗ ಕಂಪ್ಯೂಟರುಗಳ ಹೆಸರು, ವಿಳಾಸ ಎಲ್ಲಾ ಒಂದೇ ಫೈಲಿನಲ್ಲಿ ಇರ್ತಿತ್ತು. ಸ್ಟ್ಯಾನ್‌ಫೋರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟಿನ ಒಂದು ತಂಡ ಅದನ್ನ ತಿದ್ದುತ್ತಿತ್ತು, ಉಳಿದವರೆಲ್ಲ ಅಲ್ಲಿಂದ ಕಾಪಿ ಮಾಡಿಕೊಳ್ತಿದ್ದರು. ನೆಟ್‌ವರ್ಕ್ ಬೆಳೆದ ಹಾಗೆ ಆ ಫೈಲ್ ಉಬ್ಬುತ್ತಾ ಹೋಯ್ತು. ಪೋಸ್ಟೆಲ್ ಈ ಸಮಸ್ಯೆಯನ್ನ ತಮ್ಮ ಸಹೋದ್ಯೋಗಿ ಪಾಲ್ ಮೊಕಾಪೆಟ್ರಿಸ್ ಅವರಿಗೆ ಒಪ್ಪಿಸಿದರು. 1983ರ ನವೆಂಬರಿನಲ್ಲಿ ಡಿಎನ್‌ಎಸ್ ಬಂತು.

ಡಿಎನ್‌ಎಸ್‌ನ ಗುಟ್ಟು ಏನಂದ್ರೆ ಪೂರ್ತಿ ಪಟ್ಟಿ ಯಾರ ಹತ್ತಿರವೂ ಇಲ್ಲ. ರೂಟ್ ಸರ್ವರಿಗೆ ಡಾಟ್ ಕಾಮ್, ಡಾಟ್ ಇನ್ ಎಲ್ಲಿವೆ ಅನ್ನೋದಷ್ಟೇ ಗೊತ್ತು. ಡಾಟ್ ಇನ್‌ಗೆ ನಿಮ್ಮ ಡೊಮೇನಿನ ನೇಮ್ ಸರ್ವರ್ ಯಾವುದು ಅನ್ನೋದಷ್ಟೇ ಗೊತ್ತು. ಪ್ರತಿ ಸಲ ಮೇಲಿಂದ ಕೇಳ್ಕೊಂಡು ಬಂದ್ರೆ ತಡ ಅಂತ, ನಡುವಿನ ರಿಸಾಲ್ವರುಗಳು ಒಮ್ಮೆ ಸಿಕ್ಕ ಉತ್ತರವನ್ನ ಇಟ್ಕೊಳ್ತವೆ. ಎಷ್ಟು ಸೆಕೆಂಡ್ ಇಟ್ಕೋಬಹುದು ಅಂತ ಹೇಳೋ ಸಂಖ್ಯೆಯೇ ಟಿಟಿಎಲ್. 300 ಅಂದ್ರೆ ಐದು ನಿಮಿಷ, 86400 ಅಂದ್ರೆ ಒಂದು ದಿನ. ನೇಮ್ ಸರ್ವರನ್ನೇ ಬದಲಿಸಿದರೆ ಡಾಟ್ ಕಾಮ್ ಕೊಡೋ ಉತ್ತರದ ಟಿಟಿಎಲ್ 172800, ಅಂದ್ರೆ ಸರಿಯಾಗಿ 48 ಗಂಟೆ!

ಹಾಗಾಗಿ ಹೊಸ ವಿಳಾಸ ಪ್ರಪಂಚದ ತುಂಬಾ ನಿಧಾನವಾಗಿ ಹರಡ್ತಾ ಇರೋದಿಲ್ಲ. ಹಳೇ ಕಾಪಿಗಳ ಅವಧಿ ಒಂದೊಂದಾಗಿ ಮುಗೀತಾ ಇರುತ್ತೆ, ಅಷ್ಟೇ. 2014ರ ನವೆಂಬರ್ 1ಕ್ಕೆ ನಮ್ಮ ಊರು ಇಂಗ್ಲಿಷಿನಲ್ಲೂ ಬೆಂಗಳೂರು ಆಯ್ತು. ಆದ್ರೆ ಪಟ್ಟಂದೂರು ಅಗ್ರಹಾರದ ಐಟಿಪಿಎಲ್ ಕಡೆ ಹೋದ್ರೆ ಜನರ ಬಾಯಲ್ಲಿ ಇನ್ನೂ ಬ್ಯಾಂಗಲೋರ್ ಕೇಳಿಸುತ್ತೆ. ಆದೇಶ ಒಂದೇ ದಿನದ್ದು, ಕಾಪಿಗಳು ಮಾತ್ರ ಸಾವಿರಾರು. ವ್ಯತ್ಯಾಸ ಇಷ್ಟೇ, ಮನುಷ್ಯರ ನೆನಪಿಗೆ ಟಿಟಿಎಲ್ ಇಲ್ಲ.

ಫಾರ್ವರ್ಡಿಂಗ್‌ನಲ್ಲಿ ಇನ್ನೊಂದು ಮೆಟ್ಟಿಲು ಇದೆ. ಡಿಎನ್‌ಎಸ್ ನಿಮ್ಮನ್ನ ಫಾರ್ವರ್ಡ್ ಮಾಡೋ ಸರ್ವರಿಗೆ ತಲುಪಿಸುತ್ತೆ, ಅದು 301 ಅಥವಾ 302 ಅಂತ ಉತ್ತರ ಕೊಟ್ಟು ಮುಂದಿನ ವಿಳಾಸ ಹೇಳುತ್ತೆ. 301 ಅಂದ್ರೆ ಶಾಶ್ವತ, ಅದನ್ನ ಬ್ರೌಸರ್ ನೆನಪಿಟ್ಕೊಂಡು ಬಿಡಬಹುದು. ಆಗ ಡಿಎನ್‌ಎಸ್ ಸರಿಯಾದ ಮೇಲೂ ನಿಮ್ಮ ಲ್ಯಾಪ್‌ಟಾಪ್ ಹಳೇ ದಾರಿಯನ್ನೇ ಹಿಡಿಯುತ್ತೆ. ಅದಕ್ಕೇ ಪರೀಕ್ಷೆ ಮಾಡುವಾಗ 302 ಬಳಸೋದು, ಪ್ರೈವೇಟ್ ವಿಂಡೋದಲ್ಲಿ ನೋಡೋದು ಒಳ್ಳೇದು. ಡಿಎನ್‌ಎಸ್ ರೆಕಾರ್ಡ್ ಬದಲಿಸೋದಿದ್ರೆ ಮೊದಲು ಟಿಟಿಎಲ್‌ ಅನ್ನ 300ಕ್ಕೆ ಇಳಿಸಿ, ಹಳೇ ಅವಧಿ ಮುಗಿಯೋವರೆಗೆ ಬಿಟ್ಟು, ಆಮೇಲೆ ಬದಲಿಸಿ.

ಪೋಸ್ಟೆಲ್ ತಮ್ಮ ಅಧಿಕಾರವನ್ನ ಹಗುರವಾಗಿಯೇ ಹಿಡಿದಿದ್ದರು. ಯಾವುದು ದೇಶ, ಯಾವುದು ಅಲ್ಲ ಅನ್ನೋದನ್ನ ತಾವು ತೀರ್ಮಾನಿಸಬಾರದು ಅಂತ ಐಎಸ್‌ಒ ಪಟ್ಟಿಯನ್ನೇ ಬಳಸಿದರು. 1989ರಲ್ಲಿ ಭಾರತಕ್ಕೆ ಡಾಟ್ ಇನ್ ಸಿಕ್ಕಿದ್ದೂ ಹಾಗೇ. ಆದ್ರೆ 90ರ ದಶಕದಲ್ಲಿ ಹೆಸರು ಅಂದ್ರೆ ದುಡ್ಡು ಅನ್ನೋ ಹಾಗಾಯ್ತು. ಪಟ್ಟಿ ಯಾರದ್ದು ಅನ್ನೋ ಜಗಳ ಎದ್ದಿತು.

1998ರ ಜನವರಿ 28ರಂದು ಪೋಸ್ಟೆಲ್ ಒಂದು ಇಮೇಲ್ ಕಳಿಸಿದರು. ಮುಖ್ಯ ರೂಟ್ ಸರ್ವರ್ ನೆಟ್‌ವರ್ಕ್ ಸೊಲ್ಯೂಷನ್ಸ್ ಅನ್ನೋ ಕಂಪನಿ ಕೈಯಲ್ಲಿತ್ತು. ಉಳಿದ 12ರಲ್ಲಿ 8ನ್ನ ನಡೆಸ್ತಿದ್ದವರಿಗೆ, ಇನ್ಮೇಲೆ ಪಟ್ಟಿಯನ್ನ ಐಎಎನ್‌ಎ ಯಂತ್ರದಿಂದ ತಗೊಳ್ಳಿ ಅಂದರು. ಅವರು ಮಾತು ಕೇಳಿದರು. ಎರಡೂ ಕಡೆ ಪಟ್ಟಿ ಒಂದೇ ಇದ್ದಿದ್ದರಿಂದ ಬಳಕೆದಾರರಿಗೆ ಏನೂ ಗೊತ್ತಾಗಲಿಲ್ಲ, ಆದ್ರೆ ಅಮೆರಿಕ ಸರ್ಕಾರ ಬೆಚ್ಚಿತು. ಪೋಸ್ಟೆಲ್ ಅದು ಪರೀಕ್ಷೆ ಅಂದರು, ಒತ್ತಡ ಬಂದಾಗ ಮೊದಲಿನಂತೆ ಮಾಡಿಸಿದರು. ಯಾವ ಕಾನೂನೂ ಆ ಎಂಟು ಕಡೆಯವರನ್ನ ಕಟ್ಟಿಹಾಕಿರಲಿಲ್ಲ. ಅವರಿಗೆ ಇದ್ದದ್ದು ಪೋಸ್ಟೆಲ್ ಮೇಲಿನ ನಂಬಿಕೆ. ಒಂದೇ ಫೈಲನ್ನ ಸಾವಿರ ಕಡೆ ಹಂಚೋಕೆ ಕಾರಣರಾದವರೇ ಅದರ ತುದಿಯಲ್ಲಿ ಒಬ್ಬರೇ ಉಳಿದಿದ್ದರು.

ಆ ಜಾಗಕ್ಕೆ ಒಬ್ಬ ಮನುಷ್ಯ ಸಾಕಾಗಲ್ಲ ಅಂತ ಅವರಿಗೂ ಗೊತ್ತಿತ್ತು. ಅವರೂ ಸೇರಿ ರೂಪಿಸಿದ ಐಕಾನ್ ಸಂಸ್ಥೆ 1998ರ ಸೆಪ್ಟೆಂಬರ್ ಕೊನೆಗೆ ನೋಂದಣಿಯಾಯ್ತು. ಅಕ್ಟೋಬರ್ 16ರಂದು, ಹೃದಯದ ಶಸ್ತ್ರಚಿಕಿತ್ಸೆಯ ನಂತರದ ತೊಂದರೆಯಿಂದ, ಪೋಸ್ಟೆಲ್ ತೀರಿಕೊಂಡರು. ಆಗ ಅವರಿಗೆ 55 ವರ್ಷ. ಗೆಳೆಯ ವಿಂಟ್ ಸರ್ಫ್ ಬರೆದ ಶ್ರದ್ಧಾಂಜಲಿ ಕೂಡ ಒಂದು ಆರ್‌ಎಫ್‌ಸಿಯಾಗಿಯೇ ಬಂತು, ನಂಬರ್ 2468.

ಒಂದೇ ಕೈ ಎಲ್ಲವನ್ನೂ ಒಂದೇ ಕ್ಷಣದಲ್ಲಿ ಬದಲಿಸೋ ವ್ಯವಸ್ಥೆಯಲ್ಲಿ ನಾವು ಕಾಯಬೇಕಿರಲಿಲ್ಲ. ಆದ್ರೆ ಆ ಕೈ ಯಾರದ್ದು ಅನ್ನೋ ಭಯ ದಿನಾ ಇರ್ತಿತ್ತು. ಅದರ ಮುಂದೆ 48 ಗಂಟೆ ಹೆಚ್ಚೇನಲ್ಲ, ಅಲ್ವಾ?