ನಮ್ಮ ಜಿಲ್ಲೆಯ ನಾಟಕರತ್ನ ಗುಬ್ಬಿ ವೀರಣ್ಣನವರು

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಮಿತಿಯ ಮಿತ್ರರು ಕೇಳಿದಾಗ ನಾನು ಹಿಂಜರಿದೆ. ಶಾಲೆಯ ನೆನಪುಗಳನ್ನು ನನಗಿಂತ ಚೆನ್ನಾಗಿ ಬರೆಯುವವರು ನಮ್ಮಲ್ಲಿ ಬಹಳ ಜನ ಇದ್ದಾರೆ. ಅದರ ಬದಲು, ನಾನು ಈ ಶಾಲೆಯಲ್ಲಿ ಓದು ಮುಗಿಸುವುದಕ್ಕೆ ಕಾರಣರಾದ ಒಬ್ಬರ ಬಗ್ಗೆ ಬರೆಯಲೇ ಎಂದು ಕೇಳಿದೆ. ಒಪ್ಪಿದರು. ಆದರೆ ಅವರು ನಮ್ಮ ಶಾಲೆಯ ಮೇಷ್ಟ್ರಲ್ಲ, ಬರಗೂರಿನವರೂ ಅಲ್ಲ. ನಾನು ಅವರನ್ನು ಕಣ್ಣಿಂದ ಕಂಡವನಲ್ಲ. ನಾನು ಎಂಟನೇ ತರಗತಿಗೆ ಸೇರುವ ಹೊತ್ತಿಗೆ ಅವರು ತೀರಿಹೋಗಿ ವರ್ಷಗಳೇ ಆಗಿದ್ದವು. ಅವರು ಗುಬ್ಬಿ ವೀರಣ್ಣನವರು.

ನಮ್ಮ ಸೀಮೆಯಲ್ಲಿ ಪೌರಾಣಿಕ ನಾಟಕ ಎಂದರೆ ಏನೆಂದು ಹಿರಿಯರಿಗೆ ಹೇಳಬೇಕಾಗಿಲ್ಲ. ಕಡಲೆಕಾಯಿ ಸುಗ್ಗಿ ಮುಗಿದು ಕೈಗೆ ನಾಲ್ಕು ಕಾಸು ಬಂದಮೇಲೆ ಊರಿನ ಉತ್ಸಾಹಿಗಳು ಸೇರಿ ಕುರುಕ್ಷೇತ್ರ ಆಡುವುದು ಎಂದು ತೀರ್ಮಾನಿಸುತ್ತಿದ್ದರು. ಒಬ್ಬ ಹಾರ್ಮೋನಿಯಂ ಮೇಷ್ಟ್ರು ಬಂದು ಯಾರದೋ ಮನೆಯ ಪಡಸಾಲೆಯಲ್ಲಿ ಎರಡು ಮೂರು ತಿಂಗಳು ಬಿಡಾರ ಹೂಡುತ್ತಿದ್ದರು. ಪಾರ್ಟಿಗೆ ಇಂತಿಷ್ಟು ಎಂದು ಹಣ ಕೊಡಬೇಕು. ದುರ್ಯೋಧನನಿಗೆ, ಕೃಷ್ಣನಿಗೆ ಹೆಚ್ಚು. ಸಂಜಯನಿಗೆ, ಶಕುನಿಗೆ ಕಡಿಮೆ. ನಮ್ಮಪ್ಪ ಒಂದು ವರ್ಷ ಕರ್ಣನ ಪಾರ್ಟಿಗಾಗಿ ಎರಡು ಕುರಿ ಮಾರಿದರು. ಅಮ್ಮ ಹದಿನೈದು ದಿನ ಅವರೊಂದಿಗೆ ಮಾತಾಡಲಿಲ್ಲ. ಮಳೆ ಕೈಕೊಟ್ಟ ವರ್ಷ ಅದು. ಆದರೆ ಜಾತ್ರೆಯ ರಾತ್ರಿ ಅಪ್ಪ ಕಿರೀಟ ಕಟ್ಟಿಕೊಂಡು ಕಂದಪದ್ಯ ಎತ್ತಿದಾಗ ಅಮ್ಮನೇ ಮುಂದಿನ ಸಾಲಿನಲ್ಲಿ ಕೂತಿದ್ದಳು.

ಹೆಬ್ಬೆಟ್ಟು ಒತ್ತುವ ರೈತ ಒಬ್ಬ ಕಂದ, ವೃತ್ತಗಳನ್ನು ಬಾಯಿಪಾಠ ಮಾಡಿ ಮೋಹನ, ಶಂಕರಾಭರಣಗಳಲ್ಲಿ ಹಾಡುವ ವಿದ್ಯೆ ನಮ್ಮ ಊರುಗಳಿಗೆ ಎಲ್ಲಿಂದ ಬಂತು? ಅರಮನೆಯ ವಿದ್ವಾಂಸರಿಂದ ನೇರವಾಗಿ ಬಂದದ್ದಲ್ಲ. ಬಯಲಾಟದ ಹಳೆಯ ಬೇರು ನಮ್ಮಲ್ಲೇ ಇತ್ತು. ಅದರ ಮೇಲೆ ಪರದೆ, ಸೀನರಿ, ಹಾರ್ಮೋನಿಯಂ, ರಂಗಗೀತೆ ಎಲ್ಲವನ್ನೂ ತಂದು ಹಾಕಿದ್ದು ವೃತ್ತಿ ನಾಟಕ ಕಂಪನಿಗಳು. ಆ ಕಂಪನಿಗಳಲ್ಲಿ ದೊಡ್ಡ ಹೆಸರು ನಮ್ಮ ಜಿಲ್ಲೆಯದು.

ಗುಬ್ಬಿಯ ಕೆಲವು ನಾಟಕಪ್ರೇಮಿಗಳು ಸೇರಿ 1884ರಲ್ಲಿ ಒಂದು ನಾಟಕ ಮಂಡಳಿ ಕಟ್ಟಿದರು. ಚಂದಣ್ಣನವರೂ ಅಬ್ದುಲ್ ಅಜೀಜ್ ಸಾಹೇಬರೂ ಅದರ ಮುಂದಾಳುಗಳು. ಊರದೇವರಾದ ಚನ್ನಬಸವೇಶ್ವರನ ಹೆಸರನ್ನೇ ಅದಕ್ಕೆ ಇಟ್ಟರು. ಶರಣರ ಹೆಸರಿನ ಕಂಪನಿಯನ್ನು ಕಟ್ಟಿದವರಲ್ಲಿ ಒಬ್ಬರು ಸಾಹೇಬರು ಎಂಬುದು ಆಗ ಯಾರಿಗೂ ವಿಶೇಷವಾಗಿ ಕಂಡಿರಲಾರದು. ಈಗ ಬರೆಯುವಾಗ ನನಗೆ ಕಾಣುತ್ತಿದೆ, ಅಷ್ಟೆ.

ಮಂಡಳಿ ಹುಟ್ಟಿ ಏಳು ವರ್ಷಕ್ಕೆ, 1891ರಲ್ಲಿ, ಹಂಪಣ್ಣನವರ ಮಗನಾಗಿ ವೀರಣ್ಣ ಹುಟ್ಟಿದರು. ಅಕ್ಷರ ತಿದ್ದುವ ವಯಸ್ಸಿನಲ್ಲೇ ಬಣ್ಣ ಹಚ್ಚಿದರು. ಬಾಲನಟನಾಗಿ ಸೇರಿದ ಕಂಪನಿಗೆ ಮೂವತ್ತು ತುಂಬುವ ಮೊದಲೇ ಯಜಮಾನರಾದರು. ಮುಂದೆ ಕಂಪನಿಯ ಹೆಸರು ಹೇಳಿದರೆ ವೀರಣ್ಣ, ವೀರಣ್ಣ ಎಂದರೆ ಕಂಪನಿ ಎನ್ನುವಂತಾಯಿತು.

ಸಂಗೀತದ ಲೇಖನದಲ್ಲಿ ಇದನ್ನು ಮೊದಲೇ ಹೇಳಿಬಿಡಬೇಕು. ವೀರಣ್ಣನವರ ಕೀರ್ತಿ ಹಾಡುಗಾರಿಕೆಯಿಂದ ಬಂದದ್ದಲ್ಲ, ಹಾಸ್ಯದಿಂದ ಬಂದದ್ದು. ಸದಾರಮೆ ನಾಟಕದಲ್ಲಿ ಅವರು ಕಳ್ಳನ ಪಾತ್ರ ಮಾಡುತ್ತಿದ್ದರು. ಇಡೀ ಕಂಪನಿಯ ಯಜಮಾನ, ಬೇಕೆಂದರೆ ರಾಜಕುಮಾರನ ಪಾತ್ರವನ್ನೇ ಇಟ್ಟುಕೊಳ್ಳಬಹುದಾಗಿತ್ತು. ಕಳ್ಳನನ್ನು ಇಟ್ಟುಕೊಂಡರು, ಆ ಕಳ್ಳನನ್ನು ನೋಡುವುದಕ್ಕೇ ಜನ ಗಾಡಿ ಕಟ್ಟಿಕೊಂಡು ಬಂದರು. ನಮ್ಮ ಊರುಗಳಲ್ಲಿ ಯಜಮಾನಿಕೆ ಇದ್ದವರು ಯಾವ ಪಾರ್ಟು ಕೇಳುತ್ತಾರೆ ಎಂಬುದನ್ನು ಬಲ್ಲವರಿಗೆ ಇದರ ಬೆಲೆ ಗೊತ್ತಾಗುತ್ತದೆ.

ಹೀಗಾಗಿ ಹಾಡುವ ಪಾತ್ರಗಳಿಗೆ ಅವರು ಹಾಡುವವರನ್ನು ಹುಡುಕಿದರು. ಕೇವಲ ಕಂಠ ಇದ್ದರೆ ಸಾಲದು, ಶ್ರುತಿ ತಾಳ ಗಟ್ಟಿ ಇರಬೇಕು. ಆಗ ಮೈಕು ಇರಲಿಲ್ಲ. ತಗಡಿನ ಕೊಟ್ಟಿಗೆಯಂಥ ರಂಗಮಂದಿರದಲ್ಲಿ ಕಡೆಯ ಸಾಲಿನಲ್ಲಿ ಕೂತವನಿಗೂ ಮಾತು ತಿಳಿಯುವಂತೆ, ಮೇಲಿನ ಶ್ರುತಿಯಲ್ಲಿ ಹಾಡಬೇಕು. ಜನ ಮೆಚ್ಚಿ ಒನ್ಸ್ ಮೋರ್ ಎಂದು ಕೂಗಿದರೆ ಸತ್ತು ಬಿದ್ದ ಪಾತ್ರವೂ ಎದ್ದು ನಿಂತು ಇನ್ನೊಮ್ಮೆ ಹಾಡಬೇಕು. ರಾತ್ರಿ ಶುರುವಾದ ನಾಟಕ ಬೆಳಗಿನ ಜಾವಕ್ಕೆ ಮುಗಿಯುತ್ತಿತ್ತು. ಮಟ್ಟುಗಳು ಎಲ್ಲ ಕಡೆಯಿಂದ ಬಂದವು. ಕರ್ನಾಟಕ ಸಂಗೀತದ ರಾಗಗಳ ಜತೆಗೆ ಮರಾಠಿ ನಾಟಕಗಳ ಧಾಟಿ, ಪಾರ್ಸಿ ಕಂಪನಿಗಳ ಧಾಟಿ ಎಲ್ಲ ಬೆರೆತು ರಂಗಸಂಗೀತ ಎಂಬ ಬೇರೆಯೇ ಒಂದು ಬಗೆ ಆಯಿತು. ಶಾಸ್ತ್ರೀಯ ಸಂಗೀತದವರು ಅದನ್ನು ಪೂರ್ತಿ ತಮ್ಮದೆನ್ನಲಿಲ್ಲ, ಜನಪದದವರೂ ಎನ್ನಲಿಲ್ಲ. ಆದರೆ ಕಛೇರಿಗೆ ಒಂದು ದಿನವೂ ಹೋಗದ ಜನ ರಾಗದ ರುಚಿ ಕಂಡದ್ದು ಅದರಿಂದಲೇ.

ಸಾಹಿತ್ಯ ಒದಗಿಸಿದವರಲ್ಲೂ ನಮ್ಮ ಕಡೆಯವರಿದ್ದರು. ಬೆಳ್ಳಾವೆ ನರಹರಿಶಾಸ್ತ್ರಿಗಳು ಕಂಪನಿಗೆ ನಾಟಕಗಳನ್ನೂ ಹಾಡುಗಳನ್ನೂ ಬರೆದರು. ಬೆಳ್ಳಾವಿ ತುಮಕೂರಿನ ಪಕ್ಕದ ಊರು. 1934ರಲ್ಲಿ ಬಂದ ಕನ್ನಡದ ಮೊದಲ ಟಾಕಿ ಸತಿ ಸುಲೋಚನಕ್ಕೆ ಬರೆದವರೂ ಇದೇ ಶಾಸ್ತ್ರಿಗಳು. ಬಿ. ಪುಟ್ಟಸ್ವಾಮಯ್ಯನವರೂ ಕಂಪನಿಗೆ ನಾಟಕಗಳನ್ನು ಬರೆದುಕೊಟ್ಟರು.

ಗಂಡಸರೇ ಸೀರೆ ಉಟ್ಟು ಹೆಣ್ಣಾಗುತ್ತಿದ್ದ ಕಾಲದಲ್ಲಿ ವೀರಣ್ಣನವರು ಹೆಂಗಸರನ್ನು ರಂಗಕ್ಕೆ ತಂದರು. ಅವರ ಪತ್ನಿ ಬಿ. ಜಯಮ್ಮನವರು ಹಾಡು, ಅಭಿನಯ ಎರಡರಲ್ಲೂ ಹೆಸರಾದ ನಟಿ. ಮನೆಯವರೇ ರಂಗದ ಮೇಲೆ ನಿಂತಮೇಲೆ ಆಡಿಕೊಳ್ಳುವವರ ಬಾಯಿ ಅರ್ಧ ಕಟ್ಟಿದಂತಾಯಿತು. ಪೂರ್ತಿ ಕಟ್ಟಿತೆಂದು ನಾನು ಹೇಳಲಾರೆ. ನಮ್ಮ ಊರಿನ ನಾಟಕಕ್ಕೆ ಇವತ್ತಿಗೂ ದ್ರೌಪದಿಯ ಪಾತ್ರಕ್ಕೆ ಹೊರಗಿನಿಂದ ಕಲಾವಿದೆಯರನ್ನು ಕರೆಸುತ್ತೇವೆ. ಅವರ ಹಾಡಿಗೆ ಚಪ್ಪಾಳೆ ತಟ್ಟುವವರೇ ಬೆಳಿಗ್ಗೆ ಅವರ ಬಗ್ಗೆ ಆಡುವ ಮಾತು ಬೇರೆ.

1934ರಲ್ಲಿ ವೀರಣ್ಣನವರು ಕುರುಕ್ಷೇತ್ರವನ್ನು ಬಯಲಿನಲ್ಲಿ ಆಡಿಸಿದರು. ನಿಜವಾದ ಆನೆ, ನಿಜವಾದ ಕುದುರೆ, ರಥಗಳು. ಜನ ಬೆರಗಾಗಿ ನೋಡಿದರು. ಇದನ್ನು ಓದುವಾಗ ನನಗೆ ಇಟಲಿಯ ನೆನಪಾಗುತ್ತದೆ. ಅಲ್ಲಿಗೆ ಹೋದವನಲ್ಲ ನಾನು, ಟೀವಿಯಲ್ಲಿ ನೋಡಿದ್ದು. ಅಲ್ಲಿ ಒಪೆರಾ ಎಂಬ ಸಂಗೀತ ನಾಟಕ ಉಂಟು. ಕಥೆಯನ್ನು ಹಾಡಿನಲ್ಲೇ ನಡೆಸುತ್ತಾರೆ, ರಂಗದ ಮುಂದಿನ ತಗ್ಗಿನಲ್ಲಿ ವಾದ್ಯದವರು ಕೂರುತ್ತಾರೆ, ಗಾಯಕರು ಮೈಕಿಲ್ಲದೆ ಹಾಡುತ್ತಾರೆ. ವೆರೋನಾ ಎಂಬ ಊರಿನಲ್ಲಿ ರೋಮನ್ನರ ಕಾಲದ ದೊಡ್ಡ ಬಯಲು ರಂಗವಿದೆ. ವೆರ್ಡಿ ಎಂಬ ಸಂಗೀತಗಾರನ ಐದಾ ಎಂಬ ಒಪೆರಾವನ್ನು 1913ರಲ್ಲಿ ಅಲ್ಲಿ ಆಡಿದರು, ಇಂದಿಗೂ ಆಡುತ್ತಾರೆ. ಆನೆಗಳನ್ನು ತಂದು ಐದಾ ಆಡಿದ್ದೂ ಕೆಲವೆಡೆ ಉಂಟು. ನಮ್ಮ ಮೊಮ್ಮಕ್ಕಳಿಗೆ ಒಪೆರಾ ಎಂದರೆ ದೊಡ್ಡದು, ಕಂಪನಿ ನಾಟಕ ಎಂದರೆ ಹಳ್ಳಿಗಾಡಿನದು. ನಾನು ಎರಡನ್ನೂ ನೋಡಿ ಹೇಳುತ್ತಿದ್ದೇನೆ, ಮೈಕಿಲ್ಲದೆ ಸಾವಿರ ಜನರ ಮುಂದೆ ಹಾಡುವ ಎದೆ ಎರಡು ಕಡೆಯೂ ಒಂದೇ.

ಸಿನಿಮಾ ಬರುತ್ತಿದೆ ಎಂದು ವೀರಣ್ಣನವರಿಗೆ ಬೇಗ ಗೊತ್ತಾಯಿತು. ಕರ್ನಾಟಕ ಪಿಕ್ಚರ್ಸ್ ಕಾರ್ಪೊರೇಷನ್ ಎಂಬ ಸಂಸ್ಥೆ ಕಟ್ಟಿ ಹಿಸ್ ಲವ್ ಅಫೇರ್, ಹರಿಮಾಯ ಮುಂತಾದ ಮೂಕಿ ಚಿತ್ರಗಳನ್ನು ತೆಗೆಸಿದರು. ಆದರೆ 1931ರಲ್ಲೇ ಆಲಂ ಆರಾ ಬಂದು ಚಿತ್ರಗಳು ಮಾತಾಡಲು, ಹಾಡಲು ಶುರುಮಾಡಿದವು. ಮೂಕಿ ಚಿತ್ರಕ್ಕೆ ಹಾಕಿದ ಹಣ ಹೊಳೆಯಲ್ಲಿ ಹುಣಸೆಹಣ್ಣು ತೇದಂತಾಯಿತು. ಹಾಡುವವರನ್ನೇ ಮನೆ ತುಂಬ ಇಟ್ಟುಕೊಂಡವರು ಹಾಡಿಲ್ಲದ ಚಿತ್ರಕ್ಕೆ ಕೈ ಹಾಕಿದ್ದು ವಿಚಿತ್ರವೇ. ಆದರೂ ಅವರು ಎದೆಗುಂದಲಿಲ್ಲ. 1935ರಲ್ಲಿ ಸದಾರಮೆ ಟಾಕಿಯಾಯಿತು. 1942ರಲ್ಲಿ ಜೀವನ ನಾಟಕ, 1946ರಲ್ಲಿ ಹೇಮರೆಡ್ಡಿ ಮಲ್ಲಮ್ಮ ಬಂದವು. 1954ರಲ್ಲಿ ಬಂದ ಬೇಡರ ಕಣ್ಣಪ್ಪ ಚಿತ್ರದ ನಿರ್ಮಾಣದಲ್ಲೂ ಅವರ ಪಾಲಿತ್ತು.

ಅದರ ನಾಯಕ ರಾಜಕುಮಾರ್. ಅವರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಗುಬ್ಬಿ ಕಂಪನಿಯ ನಟರು, ಮಗನೂ ಅಲ್ಲಿಯೇ ಬಣ್ಣ ಹಚ್ಚಿದ್ದು. ಶಾಲೆಯಲ್ಲಿ ನಾಲ್ಕನೇ ತರಗತಿ ದಾಟದ ಹುಡುಗ ಸಂಗೀತ, ಸ್ಪಷ್ಟ ಉಚ್ಚಾರ, ಹಿರಿಯರ ಮುಂದೆ ನಡೆದುಕೊಳ್ಳುವ ರೀತಿ ಎಲ್ಲವನ್ನೂ ಕಲಿತದ್ದು ನಾಟಕ ಕಂಪನಿಯ ಬದುಕಿನಲ್ಲಿ. ಅರವತ್ತು ದಾಟಿದಮೇಲೆ ಜೀವನ ಚೈತ್ರದ ಹಾಡಿಗೆ ಅವರಿಗೆ ಶ್ರೇಷ್ಠ ಗಾಯಕ ರಾಷ್ಟ್ರಪ್ರಶಸ್ತಿ ಬಂತು. ತಿಪಟೂರಿನ ನರಸಿಂಹರಾಜು ಆ ಕಂಪನಿಯವರು. ಬಾಲಕನಾಗಿ ಅಲ್ಲಿ ಸೇರಿದ ಜಿ.ವಿ. ಅಯ್ಯರ್ ಮುಂದೆ 1975ರಲ್ಲಿ ಹಂಸಗೀತೆ ತೆಗೆದರು. ನಮ್ಮ ಪಕ್ಕದ ಚಿತ್ರದುರ್ಗದ ಸಂಗೀತಗಾರನ ಕಥೆ ಅದು. ಬಾಲಮುರಳಿಕೃಷ್ಣ ಅವರ ಗಾಯನ ಅದರಲ್ಲಿದೆ. ಕೇಳದವರು ಒಮ್ಮೆ ಕೇಳಬೇಕು. ಅದೇ ಚಿತ್ರದ ಸಂಗೀತಕ್ಕೆ ದುಡಿದ ಇನ್ನೊಬ್ಬರು ಬಿ.ವಿ. ಕಾರಂತರು. ನನ್ನ ಕಥೆ ಬರುವುದು ಇಲ್ಲೇ.

ಒಂಬತ್ತನೇ ತರಗತಿಯಲ್ಲಿ ನನಗೆ ಓದು ಬೇಡವಾಗಿತ್ತು. ಗಣಿತದಲ್ಲಿ ಫೇಲು. ಕಂಠ ಚೆನ್ನಾಗಿತ್ತು, ಶಾಲೆಯ ವಾರ್ಷಿಕೋತ್ಸವದಲ್ಲಿ ಎರಡು ರಂಗಗೀತೆ ಹಾಡಿ ಮೆಚ್ಚುಗೆ ಪಡೆದಿದ್ದೆ. ಊರಿಗೆ ಬಂದಿದ್ದ ಹಾರ್ಮೋನಿಯಂ ಮೇಷ್ಟ್ರ ಹಿಂದೆಯೇ ಹೊರಟುಬಿಡುವುದೆಂದು ತೀರ್ಮಾನಿಸಿ, ಒಂದು ಚೀಲದಲ್ಲಿ ಎರಡು ಜತೆ ಬಟ್ಟೆ ಹಾಕಿಕೊಂಡು ಬಸ್ಸಿನ ಬಳಿ ನಿಂತೆ. ಮೇಷ್ಟ್ರು ನನ್ನನ್ನು ಕಂಡು ಬೈಯಲಿಲ್ಲ. ಚೀಲ ಕೆಳಗಿಡಿಸಿ ಅಲ್ಲೇ ಕಲ್ಲಿನ ಮೇಲೆ ಕೂರಿಸಿ ಕಾರಂತರ ಕಥೆ ಹೇಳಿದರು. ದಕ್ಷಿಣ ಕನ್ನಡದ ಮಂಚಿಯ ಹುಡುಗ ಮನೆ ಬಿಟ್ಟು ಓಡಿಬಂದು ಗುಬ್ಬಿ ಕಂಪನಿ ಸೇರಿದ್ದು, ಚೆನ್ನಾಗಿ ಹಾಡುತ್ತಿದ್ದದ್ದು. ಬೇರೆ ಯಜಮಾನನಾಗಿದ್ದರೆ ಅಂಥ ಹುಡುಗನನ್ನು ಕಟ್ಟಿಹಾಕಿಕೊಳ್ಳುತ್ತಿದ್ದ. ವೀರಣ್ಣನವರು ಓದಲು ಕಾಶಿಗೆ ಕಳಿಸಿದರು. ಅಲ್ಲಿ ಕಾರಂತರು ಹಿಂದಿ ಎಂ.ಎ. ಮಾಡಿದರು, ಪಂಡಿತ ಓಂಕಾರನಾಥ ಠಾಕೂರರ ಬಳಿ ಹಿಂದೂಸ್ತಾನಿ ಸಂಗೀತ ಕಲಿತರು. ಮುಂದೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಗೇ ಮುಖ್ಯಸ್ಥರಾದರು. ಅಂಥ ಕಂಪನಿಯ ಯಜಮಾನರೇ ಓದಲು ಕಳಿಸಿದಮೇಲೆ, ಸುಗ್ಗಿಗೊಂದು ಊರು ಸುತ್ತುವ ತನ್ನ ಹಿಂದೆ ನಾನು ಏಕೆ ಬರಬೇಕು ಎಂದು ಮೇಷ್ಟ್ರು ಕೇಳಿದರು. ಬಸ್ಸು ಬಂತು, ಅವರು ಹತ್ತಿ ಹೋದರು. ನಾನು ಚೀಲ ಹೊತ್ತು ಮನೆಗೆ ಬಂದೆ. ಹಿತ್ತಲ ಬಾಗಿಲಲ್ಲಿ ಒಳಗೆ ಬಂದದ್ದರಿಂದ ಅಮ್ಮನಿಗೆ ತಿಳಿಯಲೇ ಇಲ್ಲ. ಗಣಿತದ ಮೇಷ್ಟ್ರು ಆ ಬೇಸಿಗೆಯಲ್ಲಿ ಸಂಜೆ ಹೊತ್ತು ತಮ್ಮ ಮನೆಯ ಜಗುಲಿಯಲ್ಲಿ ಲೆಕ್ಕ ಹೇಳಿಕೊಟ್ಟರು. ಎಸ್ಸೆಸ್ಸೆಲ್ಸಿ ಪಾಸಾದೆ, ಮುಂದೆ ನಾನೂ ಮೇಷ್ಟ್ರಾದೆ.

ವೀರಣ್ಣನವರಿಗೆ 1955ರಲ್ಲಿ ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ, 1972ರಲ್ಲಿ ಪದ್ಮಶ್ರೀ ಬಂದವು. ಅದೇ 1972ರಲ್ಲಿ ತೀರಿಕೊಂಡರು. ಕಲೆಯೇ ಕಾಯಕ ಎಂಬುದು ಅವರ ಆತ್ಮಕಥೆಯ ಹೆಸರು. ತುಮಕೂರಿನ ಕಲಾಕ್ಷೇತ್ರಕ್ಕೆ ಅವರ ಹೆಸರಿಟ್ಟಿದ್ದಾರೆ. ರಂಗಭೂಮಿಯ ಸಾಧಕರಿಗೆ ಸರ್ಕಾರ ಕೊಡುವ ಪ್ರಶಸ್ತಿಗೂ ಅವರದೇ ಹೆಸರು. ಮೊಮ್ಮಗಳು ಬಿ. ಜಯಶ್ರೀಯವರು ತಾತನ ಸದಾರಮೆಯನ್ನು ಮತ್ತೆ ರಂಗಕ್ಕೆ ತಂದರು, ತಾತ ಮಾಡುತ್ತಿದ್ದ ಕಳ್ಳನ ಪಾತ್ರವನ್ನು ತಾವೇ ಮಾಡಿದರು. ಹೆಣ್ಣನ್ನು ರಂಗಕ್ಕೆ ತಂದವರ ಮನೆಯಲ್ಲಿ ಹೆಣ್ಣೊಬ್ಬಳು ಯಜಮಾನನ ಪಾರ್ಟನ್ನೇ ತೆಗೆದುಕೊಂಡದ್ದು ನನಗೆ ಬಹಳ ಇಷ್ಟವಾಯಿತು.

ನಿವೃತ್ತಿಯಾದಮೇಲೆ ಒಂದು ಸಲ ನಾನೂ ಪಾರ್ಟು ಮಾಡಿದೆ. ಅಪ್ಪ ಮಾಡಿದ್ದ ಕರ್ಣನೇ. ಕುರಿ ಮಾರಬೇಕಾಗಲಿಲ್ಲ, ಪಿಂಚಣಿ ಇತ್ತು. ಹಾರ್ಮೋನಿಯಂ ಮುಂದೆ ಕೂತವನು ನಮ್ಮ ಇದೇ ಶಾಲೆಯಲ್ಲಿ ಓದಿದ ಹುಡುಗ. ಅಪ್ಪ ಕಪ್ಪು ಎರಡರಲ್ಲಿ ಹಾಡುತ್ತಿದ್ದರೆಂದು ಹೇಳಿ ನಾನೂ ಅದನ್ನೇ ಹಿಡಿಸಿದೆ. ಮೊದಲ ಕಂದಕ್ಕೇ ಉಸಿರು ಕಟ್ಟಿತು. ಹುಡುಗ ತಲೆ ಎತ್ತದೆ, ನಾನು ಕೇಳುವ ಮೊದಲೇ, ಬಿಳಿ ಒಂದಕ್ಕೆ ಇಳಿಸಿಕೊಂಡ.